ದಮ್ಮಿದ್ದವರಿಗೆ ವೇಗ ಎಷ್ಟು ಬೇಕು?

ಒಂದು ಮೈಲಿಯನ್ನು ಐದು ನಿಮಿಷದೊಳಗೆ ಓಡಬೇಕೆಂದರೆ 400 ಮೀಟರಿನ ಪ್ರತಿ ಸುತ್ತನ್ನೂ 74.5 ಸೆಕೆಂಡಿನಲ್ಲಿ ಮುಗಿಸಬೇಕು. ನೂರು ಮೀಟರಿನ ಲೆಕ್ಕಕ್ಕೆ ತಂದರೆ 18.6 ಸೆಕೆಂಡ್. ಹೈಸ್ಕೂಲು ಹುಡುಗರನ್ನು ಮೈದಾನಕ್ಕೆ ಬಿಟ್ಟರೆ ಹೆಚ್ಚಿನವರು ಇದಕ್ಕಿಂತ ಬೇಗ ನೂರು ಮೀಟರ್ ಓಡಿಬಿಡುತ್ತಾರೆ. ಹಾಗಿರುವಾಗ ಮೈಲಿಗೆ ಸ್ಪ್ರಿಂಟರನ ವೇಗ ಯಾಕೆ, ದಮ್ಮಿದ್ದರೆ ಸಾಲದೇ ಎಂದು ದೂರ ಓಡುವವರು ಕೇಳುವುದು ಸಹಜ. ಮೈಸೂರಿನ ನಮ್ಮ ಓಟದ ಗೆಳೆಯರಲ್ಲಿ ಈ ವಾದ ಇವತ್ತಿಗೂ ನಿಂತಿಲ್ಲ. ನಾನು ಇದಕ್ಕೆ ಉತ್ತರ ಕಂಡುಕೊಂಡದ್ದು ಚಾಮುಂಡಿ ವಿಹಾರದ ಟ್ರ್ಯಾಕಿನ ಮೇಲೆ, ನಲವತ್ತು ದಾಟಿದ ಕಾಲುಗಳಲ್ಲಿ.

ಆಗ ನಾನು 10 ಕಿ.ಮೀ.ಯನ್ನು 39 ನಿಮಿಷದ ಆಸುಪಾಸಿನಲ್ಲಿ ಓಡುತ್ತಿದ್ದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಎಷ್ಟು ಸುತ್ತು ಬೇಕಾದರೂ ಹೊಡೆಯುವ ಶಕ್ತಿಯಿತ್ತು. ಮೈಲಿ ಮಾತ್ರ 5:24ಕ್ಕೆ ಬಂದು ನಿಂತಿತ್ತು. ವಾರದ ಕಿಲೋಮೀಟರ್ ಹೆಚ್ಚಿಸಿದರೆ 10 ಕಿ.ಮೀ.ಯ ಸಮಯ ಇಳಿಯುತ್ತಿತ್ತು, ಮೈಲಿ ಅಲುಗಾಡುತ್ತಿರಲಿಲ್ಲ. ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟು ನಿವೃತ್ತರಾಗಿದ್ದ ಹಿರಿಯ ಕೋಚ್ ಒಬ್ಬರು ಬೆಳಗಿನ ಹೊತ್ತು ಟ್ರ್ಯಾಕಿಗೆ ಬರುತ್ತಿದ್ದರು. ಅವರು ನನ್ನ ಮೈಲಿಯ ಸಮಯ ಕೇಳಲೇ ಇಲ್ಲ. 'ಒಂದೇ ಒಂದು ಸುತ್ತು, ಇರುವ ಶಕ್ತಿಯನ್ನೆಲ್ಲ ಹಾಕಿ ಓಡಿ' ಎಂದರು. 70 ಸೆಕೆಂಡ್ ಬಂತು.

ಅವರು ಅಲ್ಲೇ ಲೆಕ್ಕ ಬಿಡಿಸಿ ಹೇಳಿದರು. ಒಂದು ಸುತ್ತನ್ನು ಪ್ರಾಣ ಬಿಟ್ಟು ಓಡಿದರೂ 70 ಆಗುವವನಿಗೆ 74.5ರ ವೇಗವೆಂದರೆ ತನ್ನ ಗರಿಷ್ಠದ ಶೇ. 94. ಅಷ್ಟು ವೇಗದಲ್ಲಿ ಒಂದು ಸುತ್ತು ಓಡಬಹುದು, ಗಟ್ಟಿಗನಾದರೆ ಇನ್ನೂ ಅರ್ಧ ಸುತ್ತು. ನಾಲ್ಕು ಸುತ್ತು ಯಾರಿಂದಲೂ ಆಗದು. ನಾನು 5:24 ಓಡುತ್ತಿದ್ದಾಗ ನನ್ನ ಪ್ರತಿ ಸುತ್ತು 80.5 ಸೆಕೆಂಡ್, ಅಂದರೆ ಗರಿಷ್ಠದ ಶೇ. 87. ನನ್ನ ದಮ್ಮು ತನ್ನ ಕೆಲಸವನ್ನು ಆಗಲೇ ಪೂರಾ ಮಾಡುತ್ತಿತ್ತು. ಅದರ ನೆತ್ತಿಗೆ ತಾಗುವಷ್ಟು ಕೆಳಗೆ ವೇಗದ ಸೂರು ಕೂತಿತ್ತು.

ದೊಡ್ಡವರ ಅಂಕಿಗಳನ್ನು ಇದೇ ಲೆಕ್ಕಕ್ಕೆ ಹಚ್ಚಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. ಸೆಬಾಸ್ಟಿಯನ್ ಕೋ 1981ರಲ್ಲಿ ಬ್ರಸೆಲ್ಸ್‌ನಲ್ಲಿ 3:47.33ರ ಮೈಲಿ ಓಡಿದಾಗ ಸರಾಸರಿ ಸುತ್ತು 56.5 ಸೆಕೆಂಡ್. ಅವರ 400 ಮೀಟರಿನ ಅತ್ಯುತ್ತಮ ಸಮಯ 46.87. ವಿಶ್ವದಾಖಲೆಯ ಆ ಓಟದಲ್ಲೂ ಅವರು ಓಡುತ್ತಿದ್ದುದು ತಮ್ಮ ಒಂದು ಸುತ್ತಿನ ವೇಗದ ಶೇ. 83ರಲ್ಲಿ. ಸುತ್ತಿಗೆ ಹತ್ತು ಸೆಕೆಂಡಿನಷ್ಟು ಉಸಿರಾಡುವ ಜಾಗ! ಹಿಚಾಮ್ ಎಲ್ ಗೆರ್ರೂಜ್ 1999ರ ಜುಲೈ 7ರಂದು ರೋಮ್‌ನಲ್ಲಿ ಮಾಡಿದ 3:43.13ಕ್ಕೆ ಸುತ್ತಿಗೆ 55.5 ಸೆಕೆಂಡಿನಂತೆ ನಾಲ್ಕು ಸುತ್ತು ಓಡಬೇಕು. ಒಂದೇ ಸುತ್ತನ್ನು ಅಷ್ಟರಲ್ಲಿ ಮುಗಿಸುವುದೇ ನಮ್ಮ ಜಿಲ್ಲಾಮಟ್ಟದ ಎಷ್ಟೋ ಹುಡುಗರಿಗೆ ಕನಸು.

ವೇಗವಿದ್ದ ಮಾತ್ರಕ್ಕೆ ಮೈಲಿ ಒಲಿಯುತ್ತದೆ ಎಂದಲ್ಲ. ನಮ್ಮ ಟ್ರ್ಯಾಕಿಗೆ ಬರುತ್ತಿದ್ದ ಒಬ್ಬ ಕಾಲೇಜು ಹುಡುಗ 400 ಮೀಟರನ್ನು 53 ಸೆಕೆಂಡಿನಲ್ಲಿ ಓಡುತ್ತಿದ್ದ. ಮೈಲಿ ಓಡು ಎಂದರೆ 5:12. ಮೊದಲ ಎರಡು ಸುತ್ತು ನಮ್ಮ ಜೊತೆ ಮಾತಾಡಿಕೊಂಡೇ ಬರುವನೇನೋ ಎನ್ನುವಷ್ಟು ಹಗುರ. ಮೂರನೆಯ ಸುತ್ತಿನ ಹಿಂಬದಿಯ ನೇರದಲ್ಲಿ ಭುಜ ಕಿವಿಯ ಹತ್ತಿರ ಏರುತ್ತಿತ್ತು, ಹೆಜ್ಜೆ ಕುಗ್ಗುತ್ತಿತ್ತು. ತನ್ನ ವೇಗದ ಶೇ. 70ನ್ನೂ ಅವನಿಗೆ ಬಳಸಿಕೊಳ್ಳಲಾಗುತ್ತಿರಲಿಲ್ಲ. ಮೈಲಿಗೆ ಬೇಕಾದ ಶಕ್ತಿಯ ಮುಕ್ಕಾಲು ಪಾಲಿಗೂ ಹೆಚ್ಚು ಹುಟ್ಟುವುದು ಉಸಿರಿನ ಆಮ್ಲಜನಕದಿಂದ. ಅದಕ್ಕೆ ಬೇಕಾದ ಹೃದಯ, ರಕ್ತನಾಳ, ಸ್ನಾಯುಗಳನ್ನು ವರ್ಷಗಟ್ಟಲೆ ಬೆಳೆಸದವನಿಗೆ ಸ್ಪ್ರಿಂಟ್ ಒಂದೇ ಸಾಲದು.

ಮೂರನೆಯ ಸುತ್ತು ಎಂದೆನಲ್ಲ, ಮೈಲಿಯ ಸತ್ಯವೆಲ್ಲ ಬಯಲಾಗುವುದು ಅಲ್ಲಿ. ರೋಜರ್ ಬ್ಯಾನಿಸ್ಟರ್ 1954ರ ಮೇ 6ರಂದು ಆಕ್ಸ್‌ಫರ್ಡ್‌ನ ಇಫ್ಲಿ ರೋಡ್ ಟ್ರ್ಯಾಕಿನಲ್ಲಿ 3:59.4 ಓಡಿದ ದಿನದ ಸುತ್ತುಗಳನ್ನು ನೋಡಿ: 57.5, 60.7, 62.3, 58.9. ಮುಂದೆ ಓಡಿ ಗತಿ ಕಾಯುವುದಕ್ಕೆ ಬ್ರಾಶರ್, ಚಾಟವೇ ಇಬ್ಬರೂ ಇದ್ದ ಓಟದಲ್ಲೂ ಮೂರನೆಯದೇ ನಿಧಾನ. ಆರಂಭದ ಹುರುಪು ಅಷ್ಟರಲ್ಲಿ ಆರಿರುತ್ತದೆ, ಗೆರೆ ಇನ್ನೂ ಕಾಣುತ್ತಿರುವುದಿಲ್ಲ. ಗರಿಷ್ಠ ವೇಗಕ್ಕೆ ತೀರಾ ಹತ್ತಿರದಲ್ಲಿ ಓಡುವವನು ವೇಗದ ಸ್ನಾಯುತಂತುಗಳನ್ನು ಮೊದಲ ಸುತ್ತಿನಿಂದಲೇ ದುಡಿಸಿ, ಮೂರನೆಯ ಸುತ್ತಿಗೆ ಕಾಲುಗಳನ್ನು ಸೀಸದಂತೆ ಭಾರ ಮಾಡಿಕೊಂಡಿರುತ್ತಾನೆ. ಸೂರು ಎತ್ತರದಲ್ಲಿದ್ದವನು ಆ ತಂತುಗಳನ್ನು ತಡವಾಗಿ ಕರೆಯುತ್ತಾನೆ. ಸ್ಪ್ರಿಂಟ್ ವೇಗದ ನಿಜವಾದ ಲಾಭ ಇದು. ಕೊನೆಯ ಇನ್ನೂರು ಮೀಟರಿನ ಕಿಕ್‌ಗಾಗಿ ಮಾತ್ರ ಅದು ಬೇಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಗಡಿಯಾರದ ವಿರುದ್ಧ ಓಡುವವನಿಗೆ ಕಿಕ್ಕಿಗಿಂತ ಹೆಚ್ಚಾಗಿ ಬೇಕಾದದ್ದು ಎರಡನೆಯ, ಮೂರನೆಯ ಸುತ್ತುಗಳನ್ನು ಸಡಿಲವಾದ ಮೈಯಿಂದ ಓಡುವ ಅನುಕೂಲ.

ಪದಕಕ್ಕಾಗಿ ಓಡುವವರ ಮಾತು ಬೇರೆ. 2016ರ ರಿಯೊ ಒಲಿಂಪಿಕ್ಸ್‌ನ 1500 ಮೀಟರ್ ಫೈನಲ್ಲಿನಲ್ಲಿ ಮ್ಯಾಥ್ಯೂ ಸೆಂಟ್ರೊವಿಟ್ಜ್ ಚಿನ್ನ ಗೆದ್ದದ್ದು 3:50.00ರಲ್ಲಿ. 1932ರ ನಂತರ ಅಷ್ಟು ನಿಧಾನದ ಗೆಲುವು ಇರಲಿಲ್ಲ. ಕೊನೆಯ ಸುತ್ತನ್ನು ಮಾತ್ರ ಅವರು ಸುಮಾರು 50 ಸೆಕೆಂಡಿನಲ್ಲಿ ಓಡಿದ್ದರು. ನಮ್ಮ ಜಿನ್ಸನ್ ಜಾನ್ಸನ್ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 1500 ಮೀಟರ್ ಚಿನ್ನ ಗೆದ್ದ ಸಮಯ 3:44.72. ಮರುವರ್ಷ ಬರ್ಲಿನ್‌ನಲ್ಲಿ ಅವರೇ 3:35.24 ಓಡಿ ರಾಷ್ಟ್ರೀಯ ದಾಖಲೆ ಮಾಡಿದರು. ಶ್ರೀರಾಮ್ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಸ್ಥಾಪಿಸಿದ್ದ 800 ಮೀಟರಿನ 1:45.77ರ ದಾಖಲೆಯನ್ನು 2018ರಲ್ಲಿ ಮುರಿದವರೂ ಇದೇ ಜಿನ್ಸನ್. ನಿಧಾನದ ಓಟದ ಚಿನ್ನ, ವೇಗದ ಓಟದ ದಾಖಲೆ, ಎರಡಕ್ಕೂ ಅವರಿಗೆ ಬಂಡವಾಳವಾದದ್ದು 800 ಮೀಟರಿನ ಕಾಲುಗಳು ಎಂದೇ ನನ್ನ ನಂಬಿಕೆ.

ಕೋಚ್ ನನಗೆ ಹಾಕಿಕೊಟ್ಟ ಕೆಲಸ ನೋಡುವುದಕ್ಕೆ ಸಣ್ಣದು. ಇಪ್ಪತ್ತು ನಿಮಿಷ ನಿಧಾನದ ಓಟ, ಮಂಡಿ ಎತ್ತುವ ಡ್ರಿಲ್‌ಗಳು, ಆಮೇಲೆ ಟ್ರ್ಯಾಕಿನ ನೇರದಲ್ಲಿ ಎರಡು ಕೋನ್ ಇಟ್ಟು ಮೂವತ್ತು ಮೀಟರಿನ ಓಟ. ಕೋನಿಗೆ ಬರುವ ಮುಂಚೆಯೇ ಮೂವತ್ತು ಮೀಟರ್ ಓಡಿ ವೇಗ ಏರಿಸಿಕೊಂಡಿರಬೇಕು. ಎರಡು ಕೋನುಗಳ ನಡುವಿನ ಆ ನಾಲ್ಕು ಚಿಲ್ಲರೆ ಸೆಕೆಂಡುಗಳಷ್ಟೇ ಲೆಕ್ಕಕ್ಕೆ. ಮೊದಮೊದಲು ಅವರು ಗಡಿಯಾರ ಹಿಡಿಯಲಿಲ್ಲ. ಎರಡನೆಯ ಕೋನಿನ ಪಕ್ಕ ಬೆನ್ನು ತಿರುಗಿಸಿ ನಿಂತು ಹೆಜ್ಜೆಯ ಸದ್ದನ್ನು ಕೇಳುತ್ತಿದ್ದರು. ನನ್ನ ಪಾದ ನೆಲಕ್ಕೆ ಬಿದ್ದಾಗ 'ಥಪ್' ಎಂದು ಅಗಲವಾದ ಸದ್ದು ಬರುತ್ತಿತ್ತು. ಪಕ್ಕದ ಲೇನಿನಲ್ಲಿ 53 ಸೆಕೆಂಡಿನ ಹುಡುಗ ಓಡಿದರೆ 'ಟಕ್, ಟಕ್' ಎಂದು ಚಿಕ್ಕ ಸದ್ದು. 'ನಿಮ್ಮ ಕಾಲು ನೆಲದ ಮೇಲೆ ಕೂತುಬಿಡುತ್ತೆ, ಅವನದು ನೆಲ ಮುಟ್ಟಿ ಎದ್ದುಬಿಡುತ್ತೆ' ಎಂದು ಕೋಚ್ ಹೇಳಿದ್ದನ್ನು ನನ್ನ ಕಿವಿಯೇ ಒಪ್ಪಿಕೊಂಡಿತು. ಒಳ್ಳೆಯ ಸ್ಪ್ರಿಂಟರನ ಪಾದ ನೆಲದ ಮೇಲಿರುವುದು ಸೆಕೆಂಡಿನ ಹತ್ತರಲ್ಲಿ ಒಂದು ಭಾಗದಷ್ಟು ಮಾತ್ರ. ಕಣಕಾಲು ಬಿಗಿಯಾಗಿ, ಪಾದ ಸೊಂಟದ ನೇರಕ್ಕೆ ಹತ್ತಿರ ಬೀಳತೊಡಗಿದ ಮೇಲೆ ನನ್ನ ಸದ್ದೂ ಚಿಕ್ಕದಾಯಿತು. ಕೆಲವು ತಿಂಗಳಲ್ಲಿ ಆದ ಆ ಬದಲಾವಣೆಯ ಫಲ 10 ಕಿ.ಮೀ. ಓಟದಲ್ಲೂ ಕಂಡಿತು.

ಎಲ್ಲಕ್ಕಿಂತ ಕಷ್ಟವಾದದ್ದು ನಡುವಿನ ವಿಶ್ರಾಂತಿ. ಪ್ರತಿ ಸ್ಪ್ರಿಂಟಿನ ನಂತರ ಮೂರು ನಾಲ್ಕು ನಿಮಿಷ ಸುಮ್ಮನೆ ನಡೆಯಬೇಕು. ದೂರದ ಓಟದವರಿಗೆ ಬೆವರು ಆರುವ ಹಾಗೆ ನಿಲ್ಲುವುದೆಂದರೆ ಮೈಗಳ್ಳತನ ಮಾಡಿದಂತೆ ಅನಿಸುತ್ತದೆ. ಆದರೆ ಪೂರ್ಣ ಬಲದ ಕೆಲವೇ ಸೆಕೆಂಡಿನ ಓಟಕ್ಕೆ ಸ್ನಾಯು ಮುಖ್ಯವಾಗಿ ನೆಚ್ಚಿಕೊಂಡಿರುವುದು ತನ್ನಲ್ಲೇ ಕೂಡಿಟ್ಟ ಫಾಸ್ಫೋಕ್ರಿಯಾಟಿನ್ ಅನ್ನು. ಅದು ಬಹುಪಾಲು ತುಂಬಿಕೊಳ್ಳುವುದಕ್ಕೆ ಅಷ್ಟು ನಿಮಿಷ ಬೇಕೇ ಬೇಕು. ಒಂದು ನಿಮಿಷಕ್ಕೇ ಮತ್ತೆ ಓಡಿದರೆ ಅದು ಸ್ಪ್ರಿಂಟ್ ಆಗಿ ಉಳಿಯುವುದಿಲ್ಲ, ದಮ್ಮಿನ ಇನ್ನೊಂದು ಕಸರತ್ತಾಗುತ್ತದೆ. ನಮ್ಮ ಓಟಗಾರರಲ್ಲಿ ಬಹಳ ಮಂದಿ 'ಸ್ಪೀಡ್ ವರ್ಕ್' ಎಂದು ಮಾಡುವುದು ಇದನ್ನೇ: ಏದುಸಿರು ಬಿಡುತ್ತ ಓಡುವ ಇನ್ನೂರು, ನಾನೂರು ಮೀಟರುಗಳು. ಅವುಗಳಿಗೂ ಜಾಗವಿದೆ, ಆದರೆ ಸೂರನ್ನು ಎತ್ತರಿಸುವುದು ಅವುಗಳ ಕೆಲಸವಲ್ಲ.

ವಾರದಲ್ಲಿ ಇನ್ನೊಂದು ದಿನ ಚಾಮುಂಡಿ ಬೆಟ್ಟದ ತಪ್ಪಲಿನ ಏರಿನಲ್ಲಿ ಎಂಟು ಸೆಕೆಂಡಿನ ಓಟಗಳು. ಏರಿನಲ್ಲಿ ಹೆಜ್ಜೆ ತಾನಾಗಿ ಚಿಕ್ಕದಾಗುವುದರಿಂದ ತೊಡೆಯ ಹಿಂಬದಿಯ ಸ್ನಾಯು ಅತಿಯಾಗಿ ಎಳೆಯುವುದಿಲ್ಲ. ವಯಸ್ಸಾದವರು ಸಪಾಟು ನೆಲಕ್ಕಿಂತ ಮೊದಲು ಏರಿನಲ್ಲೇ ಶುರುಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೀನಖಂಡ ಮೊದಲ ವಾರಗಳಲ್ಲಿ ಚೆನ್ನಾಗಿಯೇ ನೋಯುತ್ತದೆ. ಆ ದಿನಗಳಲ್ಲಿ ಕಿಲೋಮೀಟರ್ ಇಳಿಸಿದರೆ ಏನೂ ಕಳೆದುಕೊಳ್ಳುವುದಿಲ್ಲ.

ಒಂದು ಸೀಸನ್ ಮುಗಿಯುವ ಹೊತ್ತಿಗೆ 400 ಮೀಟರ್ 66ಕ್ಕೆ ಬಂತು, ಮೈಲಿ 5:03ಕ್ಕೆ ಇಳಿಯಿತು. ಲೆಕ್ಕ ನೋಡಿದರೆ ಸುತ್ತಿಗೆ 75.3 ಸೆಕೆಂಡ್, ಗರಿಷ್ಠದ ಶೇ. 87.6. ದಮ್ಮಿನ ಪಾಲು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಸೂರು ಮೇಲೇರಿದಷ್ಟು ಮೈಲಿಯ ವೇಗವೂ ಏರಿತ್ತು. ಆಸೆ ಹುಟ್ಟಿ 64, 63ಕ್ಕೆ ಕೈ ಹಾಕಿದೆ. ಜಿಮ್ಮಿನ ಭಾರ, ಹೆಚ್ಚು ಸ್ಪ್ರಿಂಟ್, ಯಾವುದಕ್ಕೂ 66 ಜಗ್ಗಲಿಲ್ಲ. ನನ್ನ ಹುಟ್ಟಿನ ಸ್ನಾಯು ಕೊಡುವುದು ಅಷ್ಟೇ ಎಂದು ಕೋಚ್ ಹೇಳಿದರು, ಮತ್ತೆ ದೂರಕ್ಕೆ ಹಿಂತಿರುಗಲು ಸೂಚಿಸಿದರು.

ಅವರು ಆಗ ಎತ್ತಿದ ಹೆಸರು ನ್ಯೂಜಿಲೆಂಡಿನ ಪೀಟರ್ ಸ್ನೆಲ್. ಆರ್ಥರ್ ಲಿಡಿಯಾರ್ಡ್ ಅವರ ಗರಡಿಯಲ್ಲಿ ಸ್ನೆಲ್ ಬೆಟ್ಟಗುಡ್ಡದ ದಾರಿಗಳಲ್ಲಿ ಮ್ಯಾರಥಾನ್ ಓಟಗಾರರಂತೆ ವಾರಕ್ಕೆ ನೂರು ಮೈಲಿ ಓಡುತ್ತಿದ್ದರು. 1961ರ ಡಿಸೆಂಬರಿನಲ್ಲಿ ಒಂದು ಮ್ಯಾರಥಾನನ್ನೇ ಓಡಿದರು. ಅದಾದ ಕೆಲವೇ ವಾರಗಳಲ್ಲಿ, 1962ರ ಜನವರಿ ಕೊನೆಗೆ, ಹುಲ್ಲಿನ ಟ್ರ್ಯಾಕಿನಲ್ಲಿ 3:54.4ರ ಮೈಲಿ ವಿಶ್ವದಾಖಲೆ, ಮುಂದಿನ ವಾರ ಮತ್ತೆ ಹುಲ್ಲಿನ ಮೇಲೆಯೇ 800 ಮೀಟರಿನಲ್ಲಿ 1:44.3. ಒಲಿಂಪಿಕ್ ಫೈನಲ್ಲಿನ ಎದುರಾಳಿಗಳ ಬರಿಯ ಸ್ಪ್ರಿಂಟ್ ವೇಗಕ್ಕೆ ಹೋಲಿಸಿದರೆ ಸ್ನೆಲ್ ಮುಂದಿರಲಿಲ್ಲ, ಕೊನೆಯ ಗಳಿಗೆಯಲ್ಲೂ ತನ್ನ ವೇಗವನ್ನು ಬಳಸುವ ತ್ರಾಣ ಅವರಲ್ಲಿ ಉಳಿದಿರುತ್ತಿತ್ತು ಎಂಬುದು ಲಿಡಿಯಾರ್ಡ್ ವಾದ. ನಾನು ಮುಂದಿನ ಸೀಸನ್ನಿನಲ್ಲಿ ಮಾಡಿದ್ದೂ ಅದೇ ದಾರಿಯ ಕೆಲಸ: ವಾರಕ್ಕೊಮ್ಮೆ ಇಪ್ಪತ್ತೈದು ನಿಮಿಷದ ಬಿಗಿಯಾದ ಓಟ, ಭಾನುವಾರ ದೂರದ ಓಟ. 400 ಮೀಟರ್ 66ರಲ್ಲೇ ಇತ್ತು. ಮೈಲಿ 4:58ಕ್ಕೆ ಬಂತು.

ಹಾಗಾಗಿ ಯಾರಾದರೂ ಎಷ್ಟು ವೇಗ ಬೇಕು ಎಂದು ಕೇಳಿದರೆ ಮೊದಲು ಎರಡು ಸಮಯ ತನ್ನಿ ಎನ್ನುತ್ತೇನೆ: ದಣಿಯದ ಕಾಲಿನಿಂದ ಓಡಿದ 400 ಮೀಟರ್, ಇತ್ತೀಚಿನ ಮೈಲಿ. ಮೈಲಿಯ ಸರಾಸರಿ ಸುತ್ತು ಆ 400ರ ಸಮಯಕ್ಕಿಂತ ಹತ್ತು ಸೆಕೆಂಡಿನಷ್ಟು ಅಥವಾ ಅದಕ್ಕೂ ಕಡಿಮೆ ಅಂತರದಲ್ಲಿದ್ದರೆ ನನ್ನಂಥ ಹವ್ಯಾಸಿಗಳು ಸ್ಪ್ರಿಂಟಿನ ಕಡೆ ನೋಡಬೇಕು. ಅಂತರ ಇಪ್ಪತ್ತರ ಹತ್ತಿರವಿದ್ದರೆ ಕೆರೆಯ ಏರಿಗೆ ಹೋಗಿ ಓಡಬೇಕು. ನಡುವೆ ಇರುವವರಿಗೆ ಎರಡೂ ಬೇಕು, ಯಾವುದು ಮೊದಲು ಎಂಬುದು ವಯಸ್ಸು ನೋಡಿ ನಿರ್ಧರಿಸುವಂಥದು. ಮೈಲಿ ಅಳೆಯುವಾಗ ಒಂದು ಎಚ್ಚರ: ನಮ್ಮ ಟ್ರ್ಯಾಕುಗಳಲ್ಲಿ ಮೈಲಿಗೆ ಗುರುತಿರುವುದು ಅಪರೂಪ. ನಾಲ್ಕು ಸುತ್ತು 1600 ಮೀಟರ್, ಮೈಲಿ 1609. ಮುಗಿತಾಯದ ಗೆರೆಯಿಂದ ಒಂಬತ್ತು ಮೀಟರಿಗಿಂತ ಒಂದೂವರೆ ಗೇಣು ಹೆಚ್ಚು ಹಿಂದಕ್ಕೆ ಟೇಪ್ ಹಿಡಿದು ಅಳೆದು ಅಲ್ಲಿಂದ ಹೊರಡಬೇಕು. ಐದು ನಿಮಿಷದ ಮೈಲಿ ಓಡುವವರಿಗೆ ಅಷ್ಟು ದೂರವೆಂದರೆ 1.7 ಸೆಕೆಂಡ್.