ಔಷಧ ವಿಜ್ಞಾನದ ವ್ಯಾಸಂಗ: ಪ್ರವೇಶಕ್ಕೆ ಮುನ್ನ ತಿಳಿಯತಕ್ಕ ಸಂಗತಿಗಳು

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದೊಡನೆ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು “ಡಾಕ್ಟರಿಕೆ ಸಿಕ್ಕದಿದ್ದರೆ ಫಾರ್ಮಸಿಗೆ ಸೇರುತ್ತೇವೆ” ಎಂದು ಹೇಳುವುದುಂಟು. ಹೀಗೆ ಹೇಳುವವರನ್ನು “ಅದಕ್ಕೆ ಯಾವ ವಿಷಯಗಳನ್ನು ಓದಿರಬೇಕು?” ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಪಿ.ಯು.ಸಿ.ಯಲ್ಲಿ ವಿಷಯಗಳನ್ನು ಆರಿಸಿಕೊಳ್ಳುವ ದಿನವೇ ಈ ಬಾಗಿಲು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಆದುದರಿಂದ ಈ ವಿಚಾರವನ್ನು ತುಸು ವಿವರವಾಗಿ ಬರೆಯುವುದು ಉಚಿತವೆಂದು ಭಾವಿಸಿದ್ದೇನೆ.

ಹಿಂದೆ ನಮ್ಮ ಊರುಗಳಲ್ಲಿ ವೈದ್ಯರ ಪಕ್ಕದಲ್ಲಿ ನಿಂತು, ಸೀಸೆಗೆ ಕಾಗದದ ಪಟ್ಟಿಯನ್ನಂಟಿಸಿ ಮಿಕ್ಸ್ಚರ್ ಕೊಡುತ್ತಿದ್ದ ಕಾಂಪೌಂಡರನನ್ನು ಹಿರಿಯರು ಮರೆತಿರಲಾರರು. ಅವನ ವಿದ್ಯೆಯು ಬಹುಮಟ್ಟಿಗೆ ಕೈಬಳಕೆಯಿಂದ ಬಂದುದು. ಈ ಕೆಲಸಕ್ಕೆ ವಿಶ್ವವಿದ್ಯಾಲಯದ ಶಿಕ್ಷಣವು ಬೇಕೆಂದು ಮನಗಂಡು, 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಅದಕ್ಕೆ ಅಡಿಗಲ್ಲನ್ನಿಟ್ಟವರು ಮಹಾದೇವ ಲಾಲ್ ಶ್ರಾಫ್ ಅವರು. ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ಫಾರ್ಮಸಿ ಕಾಯಿದೆಯು ಜಾರಿಗೆ ಬಂದಿತು. ವೈದ್ಯರ ಚೀಟಿಯ ಮೇರೆಗೆ ಔಷಧವನ್ನು ನೀಡುವ ಅಧಿಕಾರವು ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ ಸಲ್ಲತಕ್ಕದ್ದೆಂದು ಆ ಕಾಯಿದೆಯು ವಿಧಿಸಿತು. ನಮ್ಮ ನಾಡಿನಲ್ಲಿಯೂ ಮಠಗಳ ಆಶ್ರಯದ ವಿದ್ಯಾಸಂಸ್ಥೆಗಳು ಈ ಕ್ಷೇತ್ರಕ್ಕೆ ಬೇಗನೆ ಕಾಲಿರಿಸಿದವು, ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು 1973ರಲ್ಲಿಯೇ ಆರಂಭವಾಯಿತು.

ಈಗ ಅರ್ಹತೆಯ ವಿಚಾರ. ಮುಖ್ಯವಾಗಿ ಮೂರು ವ್ಯಾಸಂಗಗಳುಂಟು. ಡಿ.ಫಾರ್ಮ್ ಎಂಬುದು ಎರಡು ವರ್ಷಗಳ ಡಿಪ್ಲೊಮಾ. ಇದು ವಿಶ್ವವಿದ್ಯಾಲಯದ ಪದವಿಯಲ್ಲ. 2020ರ ನಿಯಮಾವಳಿಯಂತೆ ಇದರೊಡನೆ 500 ಗಂಟೆಗಳ ಪ್ರಾಯೋಗಿಕ ತರಬೇತಿಯನ್ನೂ ಪೂರೈಸಬೇಕು. 2022ರ ನಿಯಮಾವಳಿಯು ನೋಂದಣಿಗೆ ಮುನ್ನ ಒಂದು ನಿರ್ಗಮನ ಪರೀಕ್ಷೆಯನ್ನೂ ವಿಧಿಸಿತು. ಬಿ.ಫಾರ್ಮ್ ನಾಲ್ಕು ವರ್ಷಗಳ, ಎಂಟು ಸೆಮಿಸ್ಟರುಗಳ ಪದವಿ. 2008ರಲ್ಲಿ ಬಂದ ಫಾರ್ಮ್.ಡಿ. ಆರು ವರ್ಷಗಳದು; ಅದರ ಕೊನೆಯ ವರ್ಷವು ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಮೂರಕ್ಕೂ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳನ್ನು ಓದಿರಲೇಬೇಕು. ಮೂರನೆಯದು ಜೀವಶಾಸ್ತ್ರವಾಗಲಿ ಗಣಿತವಾಗಲಿ ಆಗಬಹುದು. ಜೀವಶಾಸ್ತ್ರವಿಲ್ಲದೆ ಫಾರ್ಮಸಿಯಿಲ್ಲವೆಂದು ತಿಳಿದು ಹಿಂಜರಿಯುವವರು ಇದನ್ನು ಗಮನಿಸಬೇಕು. ಕಲೆ ಅಥವಾ ವಾಣಿಜ್ಯವನ್ನು ಆರಿಸಿಕೊಂಡವರಿಗೆ ಮಾತ್ರ ಈ ದಾರಿಯಿಲ್ಲ. ಡಿಪ್ಲೊಮಾ ಮುಗಿಸಿದವರು ಬಿ.ಫಾರ್ಮ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿರುವುದರಿಂದ, ಬಡವರ ಮಕ್ಕಳು ಮೊದಲು ಡಿಪ್ಲೊಮಾ ಪಡೆದು, ಸ್ವಲ್ಪ ಸಂಪಾದಿಸಿ, ಅನಂತರ ಪದವಿಗೆ ಹೋದ ಉದಾಹರಣೆಗಳು ಸಾಕಷ್ಟಿವೆ. ನನ್ನ ಮಟ್ಟಿಗೆ ಇದು ಬಹಳ ಒಳ್ಳೆಯ ಏರ್ಪಾಡು.

ಗಣಿತ ಓದಿ ಬಂದವನಿಗೆ ಬಿ.ಫಾರ್ಮ್‌ನ ಮೊದಲನೆಯ ಸೆಮಿಸ್ಟರಿನಲ್ಲಿ ಜೀವಶಾಸ್ತ್ರದ ಪೂರಕ ಪಾಠವೂ, ಜೀವಶಾಸ್ತ್ರ ಓದಿ ಬಂದವನಿಗೆ ಗಣಿತದ ಪೂರಕ ಪಾಠವೂ ಇರುತ್ತವೆ. “ಮಾತ್ರೆ ಕೊಡುವವನಿಗೆ ಗಣಿತವೇಕೆ?” ಎಂದು ಒಬ್ಬ ಬಾಲಕಿ ನನ್ನನ್ನು ಕೇಳಿದ್ದಳು. ಅದೇ ಸೆಮಿಸ್ಟರಿನಲ್ಲಿ ಕಲಿಸುವ ಒಂದು ಲೆಕ್ಕವನ್ನೇ ಅವಳಿಗೆ ಮಾಡಿ ತೋರಿಸಿದೆ. ವಯಸ್ಕರಿಗೆ 400 ಮಿಲಿಗ್ರಾಂ ಕೊಡುವ ಔಷಧವನ್ನು ನಾಲ್ಕು ವರ್ಷದ ಮಗುವಿಗೆ ಎಷ್ಟು ಕೊಡಬೇಕು? ಯಂಗ್ ಎಂಬಾತನ ಹಳೆಯ ಸೂತ್ರದಂತೆ, ಮಗುವಿನ ವಯಸ್ಸನ್ನು, ಆ ವಯಸ್ಸಿಗೆ 12 ಕೂಡಿಸಿದ ಮೊತ್ತದಿಂದ ಭಾಗಿಸಬೇಕು. ನಾಲ್ಕನ್ನು ಹದಿನಾರರಿಂದ ಭಾಗಿಸಿದರೆ ಕಾಲು ಭಾಗ. ಆದುದರಿಂದ ಮಗುವಿಗೆ 100 ಮಿಲಿಗ್ರಾಂ. ಇದು ಸ್ಥೂಲ ಲೆಕ್ಕ. ಇಂದು ಮಗುವಿನ ತೂಕವನ್ನು ನೋಡಿ ನಿರ್ಧರಿಸುವುದೇ ಹೆಚ್ಚು ರೂಢಿಯಲ್ಲಿದೆ. ಆದರೆ ದಶಾಂಶ ಬಿಂದುವೊಂದು ಒಂದು ಸ್ಥಾನ ಜರುಗಿದರೆ ನೂರು ಸಾವಿರವಾಗುತ್ತದೆ. ಪರೀಕ್ಷೆಯಲ್ಲಿ ಅದರಿಂದ ಎರಡು ಅಂಕ ಹೋಗಬಹುದು. ಔಷಧದಂಗಡಿಯಲ್ಲಿ ಹೋಗುವುದು ಬೇರೆಯೇ. ಹುಡುಗಿ ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಹಾಜರಾತಿಯ ವಿಷಯದಲ್ಲಿಯೂ ಬಿಗಿಯುಂಟು: ಬಿ.ಫಾರ್ಮ್‌ಗೆ 2014ರ ನಿಯಮಾವಳಿಯು ಪ್ರತಿಯೊಂದು ವಿಷಯದಲ್ಲಿಯೂ, ಪಾಠಕ್ಕೂ ಪ್ರಯೋಗಕ್ಕೂ ಪ್ರತ್ಯೇಕವಾಗಿ, ಶೇಕಡಾ 80ನ್ನು ನಿಗದಿಪಡಿಸಿದೆ. ಉತ್ತೀರ್ಣರಾಗಲು ಶೇಕಡಾ 50 ಅಂಕಗಳು ಬೇಕು. ಇದಕ್ಕಿಂತ ಕಡಿಮೆ ಅಂಕಗಳಿಗೆ ಒಗ್ಗಿದವರಿಗೆ ಇದು ಮೊದಲು ಕಷ್ಟವೆನಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಒಂದು ಎಚ್ಚರಿಕೆ. ನಾನು ಪಾಠ ಹೇಳಿದ ಹುಡುಗನೊಬ್ಬನು, ತಂದೆ ಹೊಲವನ್ನು ಒತ್ತೆಯಿಟ್ಟು ತಂದ ಹಣವನ್ನು ಕಟ್ಟಿ, ಒಂದು ಸಂಸ್ಥೆಯಲ್ಲಿ ಎರಡು ವರ್ಷ ಡಿಪ್ಲೊಮಾ ಓದಿದನು. ನೋಂದಣಿಗೆಂದು ಹೋದಾಗ ಆ ಸಂಸ್ಥೆಗೆ ಭಾರತೀಯ ಫಾರ್ಮಸಿ ಪರಿಷತ್ತಿನ ಅನುಮೋದನೆಯೇ ಇರಲಿಲ್ಲವೆಂದು ತಿಳಿಯಿತು. ಅವನು ಚೆನ್ನಾಗಿಯೇ ಓದಿದ್ದನು. ಆದರೂ ಆ ಪ್ರಮಾಣಪತ್ರದಿಂದ ಒಂದು ಅಂಗಡಿಯನ್ನೂ ನಡೆಸಲಾಗದು. ಇಂದು ಅವನು ಬೇರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾನೆ. ಅನುಮೋದಿತ ಸಂಸ್ಥೆಗಳ ಪಟ್ಟಿಯನ್ನು ಪರಿಷತ್ತು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಕಾಲೇಜಿನವರು ತೋರಿಸುವ ಬಣ್ಣದ ಪುಸ್ತಿಕೆಯನ್ನು ನಂಬದೆ, ಹಣ ಕಟ್ಟುವುದಕ್ಕೆ ಮೊದಲು ಪೋಷಕರು ಆ ಪಟ್ಟಿಯಲ್ಲಿ ಸಂಸ್ಥೆಯ ಹೆಸರನ್ನೂ ವ್ಯಾಸಂಗದ ಹೆಸರನ್ನೂ ಕಣ್ಣಾರೆ ನೋಡತಕ್ಕದ್ದು.

ಬಿ.ಫಾರ್ಮ್ ಮತ್ತು ಫಾರ್ಮ್.ಡಿ.ಗಳ ಸರ್ಕಾರಿ ಸೀಟುಗಳನ್ನು ನಮ್ಮ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹಂಚುತ್ತದೆ. ಬೇಕಾದ ಕನಿಷ್ಠ ಅಂಕಗಳನ್ನು ಆಯಾ ವರ್ಷದ ಕೈಪಿಡಿಯಲ್ಲಿಯೇ ನೋಡಿಕೊಳ್ಳಬೇಕು. ನಮ್ಮಂಥ ಗ್ರಾಮಾಂತರ ಶಾಲೆಯ ಮಕ್ಕಳಿಗೆ ಇಲ್ಲೊಂದು ಅನುಕೂಲವುಂಟು. ಒಂದರಿಂದ ಹತ್ತನೆಯ ತರಗತಿಯವರೆಗೆ ಹತ್ತು ಪೂರ್ಣ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೂ ಮೀಸಲಾತಿಯಿದೆ. ಅದಕ್ಕೆ ಓದಿದ ಪ್ರತಿಯೊಂದು ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರವನ್ನು ಪಡೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಮಾಡಿಸಬೇಕು. ನಾಲ್ಕನೆಯ ತರಗತಿಯನ್ನು ಅಜ್ಜಿಯ ಊರಿನಲ್ಲಿ ಓದಿದವರು ಆ ಊರಿಗೆ ಬೇಸಿಗೆಯ ರಜೆಗೆ ಮುನ್ನವೇ, ಶಾಲೆಯ ಬಾಗಿಲು ತೆರೆದಿರುವಾಗ, ಹೋಗಿಬರುವುದು ಒಳ್ಳೆಯದು.