ಹತ್ತಿಯ ಧೂಳೂ ಅದನ್ನು ಹೀರುವ ಯಂತ್ರವೂ

ಕಾರ್ತೀಕ ಮಾಸ ಬಂದಿತೆಂದರೆ ನಮ್ಮ ಕೌತಾಳದ ಸುತ್ತಿನ ಎರೆಹೊಲಗಳಲ್ಲಿ ಹತ್ತಿ ಬಿರಿದಿರುತ್ತದೆ. ಬಿಡಿಸಿದ ಹತ್ತಿ ಬಂಡಿ, ಟ್ರ್ಯಾಕ್ಟರು, ಲಾರಿಗಳಲ್ಲಿ ಆದವಾನಿಯ ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿಂದ ಜಿನ್ನಿಂಗ್ ಕಾರ್ಖಾನೆ ಸೇರಿ ಕಾಳು ಬೇರೆ, ಅರಳೆ ಬೇರೆಯಾಗುತ್ತದೆ. ಅರಳೆಯು ಸುಮಾರು 170 ಕಿಲೋಗ್ರಾಂ ತೂಕದ ಬೇಲುಗಳಾಗಿ ಹೊರಬೀಳುತ್ತದೆ. ಇಷ್ಟನ್ನು ನಾವೆಲ್ಲರೂ ಬಲ್ಲೆವು. ಅದೇ ಕಾರ್ಖಾನೆಯಲ್ಲಿ ಮೂರನೆಯ ವಸ್ತುವೊಂದು ಹುಟ್ಟುತ್ತದೆ. ಅದಕ್ಕೆ ತೂಕದ ಚೀಟಿಯಿಲ್ಲ, ಬೆಲೆಯೂ ಇಲ್ಲ. ಅದೇ ಧೂಳು. ಜಿನ್ನಿನ ಕೆಲಸಕ್ಕೆ ಹೋಗುವ ಅಕ್ಕಂದಿರೂ ಅಣ್ಣಂದಿರೂ ಸಂಜೆ ಮನೆಗೆ ಬರುವಾಗ ತಲೆಗೂದಲು, ಹುಬ್ಬುಗಳ ಮೇಲೆ ಹೊತ್ತು ತರುವುದು ಅದನ್ನೇ. ಎದೆಯೊಳಗೆ ಎಷ್ಟು ಹೊತ್ತು ತಂದಿದ್ದಾರೆಂಬುದು ಕಣ್ಣಿಗೆ ಕಾಣುವುದಿಲ್ಲ.

ಹತ್ತಿಯ ಧೂಳೆಂದರೆ ಬರಿಯ ಮಣ್ಣಲ್ಲ. ಒಣಗಿದ ಎಲೆಯ ಪುಡಿ, ಕಾಯಿಯ ಸಿಪ್ಪೆ, ತುಂಡಾದ ಎಳೆ, ಶಿಲೀಂಧ್ರ, ಬ್ಯಾಕ್ಟೀರಿಯ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಇದನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ರೋಗ ಬರಬಹುದು. ಕೆಲವು ಬ್ಯಾಕ್ಟೀರಿಯಗಳ ಹೊರಕವಚದಲ್ಲಿರುವ ಎಂಡೋಟಾಕ್ಸಿನ್ ಎಂಬ ವಿಷವಸ್ತುವಿಗೂ ಈ ರೋಗಕ್ಕೂ ನಿಕಟ ಸಂಬಂಧವಿದೆಯೆಂದು ವಿಜ್ಞಾನಿಗಳು ತಿಳಿದಿದ್ದಾರೆ. ಅಗಸೆ, ಸೆಣಬಿನ ನಾರನ್ನು ಹಿಕ್ಕುವವರ ಕೆಮ್ಮು, ಉಬ್ಬಸಗಳನ್ನು ಕುರಿತು ಇಟಲಿಯ ವೈದ್ಯ ರಮಾಝಿನಿಯು 1700ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿಯೇ ಬರೆದಿದ್ದನು. ಈ ರೋಗದ ಮೊದಲ ಲಕ್ಷಣ ವಿಚಿತ್ರವಾದುದು. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನವೇ ಎದೆ ಬಿಗಿಯುತ್ತದೆ, ಮರುದಿನ ಕಡಮೆಯಾಗುತ್ತದೆ. ಆದುದರಿಂದಲೇ ಇಂಗ್ಲಿಷರು ಇದನ್ನು ‘ಸೋಮವಾರದ ಜ್ವರ’ ಎಂದರು. ರಜೆಯ ಮರುದಿನ ಕೆಲಸಗಾರನು ಎದೆ ಹಿಡಿದುಕೊಂಡು ಕುಳಿತರೆ ಸೋಮಾರಿತನವೆಂದು ಬೈಯುವವರು ಈ ಮಾತನ್ನು ತಿಳಿದಿರಬೇಕು. ವರ್ಷಗಳು ಕಳೆದಂತೆ ಆ ಬಿಗಿತ ವಾರದ ಎಲ್ಲ ದಿನಗಳಿಗೂ ಹರಡುತ್ತದೆ. ಆಮೇಲೆ ಕೆಲಸ ಬಿಟ್ಟರೂ ಶ್ವಾಸಕೋಶ ಮೊದಲಿನಂತಾಗದಿರಬಹುದು.

ಮಾಳಿಗೆಯ ಮನೆಯಲ್ಲಿ ಬೆಳಕಿಂಡಿಯಿಂದ ಬಿಸಿಲ ಕೋಲು ಇಳಿದಾಗ ಅದರೊಳಗೆ ಕಣಗಳು ಕುಣಿಯುವುದನ್ನು ಎಲ್ಲರೂ ನೋಡಿದ್ದೇವೆ. ಕೋಲಿನ ಹೊರಗೂ ಅಷ್ಟೇ ಕಣಗಳಿರುತ್ತವೆ; ಬೆಳಕನ್ನು ಚದುರಿಸುವ ಅವಕಾಶ ಅವಕ್ಕೆ ಸಿಕ್ಕಿರುವುದಿಲ್ಲ, ಅಷ್ಟೆ. ಇದು ಟಿಂಡಲ್ ಪರಿಣಾಮ. ಕಾರ್ಖಾನೆಗಳನ್ನು ಪರೀಕ್ಷಿಸುವವರು ಕತ್ತಲಲ್ಲಿ ಪ್ರಬಲವಾದ ದೀಪ ಹಿಡಿದು ಧೂಳು ಎಲ್ಲಿಂದ ತಪ್ಪಿಸಿಕೊಳ್ಳುತ್ತಿದೆಯೆಂದು ಕಂಡುಹಿಡಿಯುವುದು ಇದೇ ತತ್ತ್ವದಿಂದ. ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು ಬಹುಪಾಲು 5 ಮೈಕ್ರಾನಿಗಿಂತ ಚಿಕ್ಕವು. ಮುಖಕ್ಕೆ ವಸ್ತ್ರ ಕಟ್ಟಿಕೊಂಡರೆ ಸಾಕು ಎನ್ನುವವರಿದ್ದಾರೆ. ವಸ್ತ್ರವು ಅರಳೆಯ ಎಳೆಗಳನ್ನು ತಡೆಯುತ್ತದೆ, ಸೂಕ್ಷ್ಮ ಧೂಳನ್ನು ಹೆಚ್ಚಾಗಿ ಬಿಟ್ಟುಕೊಡುತ್ತದೆ.

ಹಾಗಾದರೆ ಧೂಳನ್ನು ಹುಟ್ಟಿದಲ್ಲಿಯೇ ಹಿಡಿಯಬೇಕು. 1948ರ ಕಾರ್ಖಾನೆ ಕಾಯಿದೆಯ 14ನೆಯ ಕಲಮು ಇದನ್ನೇ ವಿಧಿಸಿತ್ತು: ಹೀರುವ ಉಪಕರಣವು ಧೂಳು ಹುಟ್ಟುವ ಸ್ಥಳಕ್ಕೆ ಆದಷ್ಟು ಸಮೀಪದಲ್ಲಿರಬೇಕು, ಆ ಸ್ಥಳವನ್ನು ಆದಷ್ಟು ಮುಚ್ಚಿರಬೇಕು. ‘ಸಮೀಪ’ ಎಂಬ ಮಾತಿನ ಮಹತ್ತ್ವವನ್ನು ಒಂದು ಮೇಣದ ಬತ್ತಿಯಿಂದ ತಿಳಿಯಬಹುದು. ಒಂದು ಮೊಳ ದೂರದಿಂದ ಊದಿ ದೀಪವನ್ನು ಆರಿಸಬಹುದು. ಅಷ್ಟೇ ದೂರದಿಂದ ಉಸಿರೆಳೆದು ಆರಿಸಲು ಯಾರಿಂದ ಸಾಧ್ಯ? ಊದಿದ ಗಾಳಿ ಒಂದೇ ದಿಕ್ಕಿಗೆ ಹೋಗುತ್ತದೆ. ಹೀರುವಾಗ ಗಾಳಿಯು ಎಲ್ಲ ದಿಕ್ಕುಗಳಿಂದಲೂ ಬರುವುದರಿಂದ ವೇಗ ಹಂಚಿಹೋಗುತ್ತದೆ. ಹೀರುಬಾಯಿಯಿಂದ ಅದರ ವ್ಯಾಸದಷ್ಟು ದೂರ ಹೋಗುವುದರೊಳಗೆ ಗಾಳಿಯ ವೇಗ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿದಿರುತ್ತದೆ. ಗೋಡೆಯ ಮೇಲ್ಭಾಗದಲ್ಲಿ ದೊಡ್ಡ ಫ್ಯಾನು ಕೂರಿಸಿ ಸುಮ್ಮನಾದರೆ ಯಂತ್ರದ ಬಳಿಯ ಧೂಳು ಕೆಲಸಗಾರನ ಮೂಗಿನ ಮುಂದೆಯೇ ಹಾದು ಹೋಗಬೇಕಾಗುತ್ತದೆ. ಬೆಸುಗೆ ಹಾಕುವ ಅಂಗಡಿಯ ಹೊಗೆಗೂ ಇದೇ ನಿಯಮ.

ಹೀರುಬಾಯಿ, ತಗಡಿನ ಕೊಳವೆ, ಧೂಳು ಬೇರ್ಪಡಿಸುವ ಸೈಕ್ಲೋನ್, ಬಟ್ಟೆಯ ಚೀಲಗಳು, ಫ್ಯಾನು, ಇವು ಇಂಥ ವ್ಯವಸ್ಥೆಯ ಅಂಗಗಳು. ಸೈಕ್ಲೋನಿನಲ್ಲಿ ಗಾಳಿ ಸುತ್ತುವಾಗ ಭಾರವಾದ ಕಣಗಳು ಗೋಡೆಗೆ ತಾಗಿ ಕೆಳಗಿಳಿಯುತ್ತವೆ. ಸಣ್ಣ ಕಣಗಳನ್ನು ಹಿಡಿಯುವುದು ಚೀಲಗಳ ಪಾಲಿನ ಕೆಲಸ. 2000ದಲ್ಲಿ ಕೇಂದ್ರ ಸರ್ಕಾರದ ಹತ್ತಿ ತಂತ್ರಜ್ಞಾನ ಮಿಷನ್ ಆರಂಭವಾದ ಮೇಲೆ ದೇಶದ ಹಲವು ಜಿನ್ನುಗಳು ಹೊಸ ಯಂತ್ರಗಳನ್ನು ಕಂಡವು. ಆದರೆ ಯಂತ್ರ ಕೂರಿಸುವುದು ಒಂದು ದಿನದ ಉತ್ಸಾಹ. ಅದನ್ನು ನೋಡಿಕೊಳ್ಳುವುದು ಪ್ರತಿದಿನದ ಕೆಲಸ. ಜಿನ್ನಿನ ರೋಲರು ಕೆಟ್ಟರೆ ಆ ಗಳಿಗೆಯಲ್ಲಿಯೇ ಮಾಲು ನಿಲ್ಲುತ್ತದೆ, ಮೆಕ್ಯಾನಿಕ್ ಓಡಿ ಬರುತ್ತಾನೆ. ಧೂಳು ಹೀರುವ ಫ್ಯಾನು ಸೋತರೆ ಮಾಲು ನಿಲ್ಲುವುದಿಲ್ಲ. ಆದುದರಿಂದ ಯಾರೂ ಓಡಿ ಬರುವುದಿಲ್ಲ.

ಫ್ಯಾನಿನ ಸದ್ದು ಕೇಳಿಸುತ್ತಿದೆಯೆಂದು ನಂಬಿ ಕೂರುವಂತಿಲ್ಲ. ಬೆಲ್ಟು ಸಡಿಲವಾಗಿ ಜಾರಿದರೆ ಮೋಟಾರು ತನ್ನ ವೇಗದಲ್ಲಿಯೇ ತಿರುಗುತ್ತಿದ್ದರೂ ಫ್ಯಾನು ಹಿಂದೆ ಬೀಳುತ್ತದೆ. ಫ್ಯಾನಿನ ವೇಗ ನೂರಕ್ಕೆ 10ರಷ್ಟು ಕುಗ್ಗಿದರೆ ಗಾಳಿಯೂ ನೂರಕ್ಕೆ 10ರಷ್ಟು ಕುಗ್ಗುತ್ತದೆ. ಒತ್ತಡವು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು 81ಕ್ಕೆ ಇಳಿಯುತ್ತದೆ. ಇನ್ನೊಂದು ತಮಾಷೆಯೂ ಉಂಟು. ಮೋಟಾರನ್ನು ಬಿಚ್ಚಿ ರಿಪೇರಿ ಮಾಡಿಸಿ ಮತ್ತೆ ಕೂರಿಸುವಾಗ ಮೂರು ಫೇಸಿನ ತಂತಿಗಳಲ್ಲಿ ಎರಡು ಅದಲುಬದಲಾದರೆ ಫ್ಯಾನು ತಿರುಗುಮುರುಗಾಗಿ ತಿರುಗುತ್ತದೆ. ಕೇಂದ್ರಾಪಗಾಮಿ ಫ್ಯಾನು ಹಿಂದುಮುಂದಾಗಿ ತಿರುಗಿದರೂ ಗಾಳಿಯನ್ನು ಅದೇ ದಿಕ್ಕಿಗೇ ತಳ್ಳುತ್ತದೆ, ಆದರೆ ಬಹಳ ಕಡಮೆ. ಗಾಳಿ ಬರುತ್ತಿದೆಯಲ್ಲ ಎಂದು ಎಲ್ಲರೂ ತೃಪ್ತರಾಗುತ್ತಾರೆ. ಫ್ಯಾನಿನ ಮೈಮೇಲೆ ಬಾಣದ ಗುರುತಿರುವುದು ಇದಕ್ಕಾಗಿಯೇ.

ಕೊಳವೆಯಲ್ಲಿ ಅರಳೆಯ ಪುಡಿ ಕೂರದೆ ಸಾಗಬೇಕಾದರೆ ಗಾಳಿಗೆ ಸೆಕೆಂಡಿಗೆ ಸುಮಾರು 13ರಿಂದ 15 ಮೀಟರ್ ವೇಗ ಬೇಕು. ತಗಡಿನಲ್ಲಿ ತೂತು ಬಿದ್ದರೆ, ಕೀಲಿನ ಬಳಿ ಬಿರುಕು ಬಿಟ್ಟರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ದೂರದ ಹೀರುಬಾಯಿಗೆ ಪಾಲು ಸಿಗುವುದಿಲ್ಲ. ತುಂಗಭದ್ರೆಯ ಕೆಳಮಟ್ಟದ ಕಾಲುವೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೇಲೆ ಗಂಡಿ ಬಿದ್ದರೆ ಕೊನೆಯ ಹೊಲಕ್ಕೆ ನೀರಿಲ್ಲ. ವೇಗ ಕುಗ್ಗಿದ ಕಡೆ ಪುಡಿ ಕೂತು ಕೊಳವೆ ಕಟ್ಟುತ್ತದೆ. ಕೂತ ಅರಳೆಗೆ ಒಂದು ಕಿಡಿ ಸಾಕು, ಬೆಂಕಿ ಕೊಳವೆಯುದ್ದಕ್ಕೂ ಓಡುತ್ತದೆ.

ಚೀಲಗಳ ಆರೋಗ್ಯವನ್ನು ಅಳೆಯಲು ನಮ್ಮ ಪ್ರಯೋಗಶಾಲೆಯ ಯು-ನಳಿಕೆಯೇ ಸಾಕು. ಬಗ್ಗಿಸಿದ ಗಾಜಿನ ನಳಿಕೆಯಲ್ಲಿ ಬಣ್ಣದ ನೀರು ತುಂಬಿ, ಒಂದು ಬಾಯಿಯನ್ನು ಚೀಲದ ಮುಂದಿನ ಗಾಳಿಗೂ ಇನ್ನೊಂದನ್ನು ಹಿಂದಿನ ಗಾಳಿಗೂ ರಬ್ಬರು ಕೊಳವೆಯಿಂದ ಜೋಡಿಸಬೇಕು. ಒಂದು ಕವಲಿನಲ್ಲಿ ನೀರು 60 ಮಿ.ಮೀ. ಇಳಿದು ಇನ್ನೊಂದರಲ್ಲಿ 60 ಮಿ.ಮೀ. ಏರಿದ್ದರೆ ಒತ್ತಡದ ವ್ಯತ್ಯಾಸ 120 ಮಿ.ಮೀ. ನೀರಿನ ಎತ್ತರ, ಎಂದರೆ ಸುಮಾರು 1,180 ಪಾಸ್ಕಲ್. ಪರೀಕ್ಷೆಯಲ್ಲಿ ಒಂದೇ ಕವಲನ್ನು ಎಣಿಸಿ 60 ಎಂದು ಬರೆಯುವವರು ಎಚ್ಚರ ವಹಿಸಬೇಕು! ಅಂಕಿ ದಿನೇ ದಿನೇ ಏರುತ್ತಿದ್ದರೆ ಚೀಲ ಕಟ್ಟಿಕೊಳ್ಳುತ್ತಿದೆ. ಒಮ್ಮೆಲೇ ಬಿದ್ದರೆ ಚೀಲ ಹರಿದಿರಬಹುದು, ಇಲ್ಲವೆ ಫ್ಯಾನು ಸೋತಿರಬಹುದು. ಆದರೆ ಯಂತ್ರ ಸುಸ್ಥಿತಿಯಲ್ಲಿದ್ದ ಮೊದಲ ದಿನ ಅಂಕಿ ಎಷ್ಟಿತ್ತೆಂದು ಬರೆದಿಟ್ಟಿಲ್ಲದಿದ್ದರೆ ಇಂದಿನ ಅಂಕಿಗೆ ಅರ್ಥವಿಲ್ಲ. ನಳಿಕೆಯ ಪಕ್ಕದಲ್ಲಿ ಒಂದು ನೋಟುಬುಕ್ಕನ್ನೂ ಪೆನ್ಸಿಲನ್ನೂ ದಾರ ಕಟ್ಟಿ ತೂಗುಹಾಕುವುದು ಒಳ್ಳೆಯದು. ಇಂಗ್ಲೆಂಡಿನಲ್ಲಿ ಇಂಥ ಉಪಕರಣಗಳನ್ನು ಸಾಮಾನ್ಯವಾಗಿ 14 ತಿಂಗಳೊಳಗೊಮ್ಮೆ ಸಂಪೂರ್ಣವಾಗಿ ಪರೀಕ್ಷಿಸಿ ದಾಖಲೆ ಇಡಬೇಕೆಂಬ ನಿಯಮವಿದೆ. ನೋಟುಬುಕ್ಕಿಗೆ ನಿಯಮ ಬರುವವರೆಗೂ ಕಾಯಬೇಕಿಲ್ಲ.

ಹೀರುಬಾಯಿ ಎಳೆಯುತ್ತಿದೆಯೇ ಎಂದು ನೋಡಲು ಬೆಸುಗೆಯ ಅಂಗಡಿಯಲ್ಲಾದರೆ ಊದುಬತ್ತಿಯ ಹೊಗೆ ಹಿಡಿಯಬಹುದು. ಜಿನ್ನಿನಲ್ಲಿ ಬೆಂಕಿ ಕೂಡದು. ಕೋಲಿನ ತುದಿಗೆ ಅರಳೆಯ ಎಳೆಯೊಂದನ್ನು ಕಟ್ಟಿ ಹಿಡಿದರೆ ಅದೇ ದಾರಿ ತೋರಿಸುತ್ತದೆ. ಕೊಳವೆಯನ್ನಾಗಲಿ ಫ್ಯಾನನ್ನಾಗಲಿ ಬಿಚ್ಚುವ ಮುನ್ನ ಸ್ವಿಚ್ಚು ಆರಿಸಿ, ಫ್ಯೂಸು ತೆಗೆದು, ಬಿಚ್ಚುವವನೇ ಅದನ್ನು ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಸೆರಗು, ಪಂಚೆ, ಟವಲುಗಳು ಬೆಲ್ಟಿನ ಹತ್ತಿರ ಸುಳಿಯಬಾರದು.

ಕೂತ ಧೂಳನ್ನು ಗಾಳಿಯ ಪೈಪಿನಿಂದ ಊದಿ ಚೊಕ್ಕಟ ಮಾಡುವ ರೂಢಿ ಹಲವು ಕಡೆ ಇದೆ. ದಿನವಿಡೀ ಹೀರಿ ಕೂಡಿಸಿದುದನ್ನು ಸಂಜೆ ಐದು ನಿಮಿಷದಲ್ಲಿ ಮತ್ತೆ ಗಾಳಿಗೆ ಎಸೆದಂತೆ ಅದು. ಹೀರುವ ಕೊಳವೆಯಿಂದಲೇ ತೆಗೆಯಬೇಕು. ಚೀಲ ಬರಿದು ಮಾಡುವ ಕೆಲಸ ಸಾಮಾನ್ಯವಾಗಿ ಅತ್ಯಂತ ಕಡಮೆ ಕೂಲಿಯವರಿಗೆ ಬೀಳುತ್ತದೆ, ಇಡೀ ಕಾರ್ಖಾನೆಯ ಸೂಕ್ಷ್ಮ ಧೂಳನ್ನು ಎದುರಿಸುವವರೂ ಅವರೇ. ಅವರಿಗೆ ಬರಿಯ ವಸ್ತ್ರ ಸಾಲದು, ಮೂಗುಬಾಯಿಗಳಿಗೆ ಬಿಗಿಯಾಗಿ ಕೂರುವ ಧೂಳುಮುಸುಕು ಕೊಡಬೇಕು. ಯಂತ್ರ ನಿಂತು ಧೂಳು ಕೂತ ಮೇಲೆ, ಚೀಲದ ಬಾಯಿ ಕಟ್ಟಿಯೇ ಹೊರಗೆ ಸಾಗಿಸಿ, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಕೊಡದೆ ಪಕ್ಕಕ್ಕೆ ನಿಂತು, ನೀರು ಚಿಮುಕಿಸಿ ತಿಪ್ಪೆಗೆ ಸುರಿಯಬೇಕು.