ಓದಲಾಗದ ಡಿಸ್ಕು

ಕೇರಳದ ಶಾಲೆಗಳ ಗಣಕಯಂತ್ರಗಳಲ್ಲಿ ಲಿನಕ್ಸ್ ರೂಢಿಯಲ್ಲಿದೆ. ಮನೆಗಳಲ್ಲಿ ಬಹುಮಟ್ಟಿಗೆ ವಿಂಡೋಸ್. ಆದಕಾರಣ ಶಾಲೆಯಲ್ಲಿ ಎರಡನೆಯ ಹಾರ್ಡ್ ಡಿಸ್ಕಿಗೆ ತುಂಬಿದ ಹಳೆಯ ದಾಖಲೆಗಳ ಪ್ರತಿಗಳೂ ವಾರ್ಷಿಕೋತ್ಸವದ ಚಿತ್ರಗಳೂ ಮನೆಯ ಯಂತ್ರದಲ್ಲಿ ತೆರೆಯದೆ ಹೋಗುವುದುಂಟು. ಆಗ ವಿಂಡೋಸ್, ಬಳಸುವ ಮುನ್ನ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆಂದು ಅನೇಕ ವೇಳೆ ಸೂಚಿಸುತ್ತದೆ. ಈ ಸೂಚನೆಗೆ ಒಪ್ಪಿಗೆ ಕೊಡಲೇಕೂಡದು.

ಯಾವ ಕಡತ ಡಿಸ್ಕಿನ ಯಾವ ಭಾಗದಲ್ಲಿದೆ ಎಂಬುದನ್ನು ಗುರುತಿಸಿಡುವ ಕ್ರಮಕ್ಕೆ ಫೈಲ್ ಸಿಸ್ಟಮ್ ಎಂದು ಹೆಸರು. ವಿಂಡೋಸಿನದು 1993ರಲ್ಲಿ ಬಂದ ಎನ್‌ಟಿಎಫ್‌ಎಸ್. ಲಿನಕ್ಸಿನಲ್ಲಿ 2008ರಲ್ಲಿ ಸಿದ್ಧವಾದ ಎಕ್ಸ್‌ಟ್ 4 ಹೆಚ್ಚು ಪ್ರಚಲಿತ. ಆಪಲ್ ಯಂತ್ರಗಳಲ್ಲಿ 2017ರಿಂದ ಎಪಿಎಫ್‌ಎಸ್. ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ತಿಗಳಾರಿ ಲಿಪಿಯ ತಾಳೆಗರಿಗಳಿವೆ. ಆ ಲಿಪಿಯನ್ನರಿಯದವನು ಗರಿ ಬರಿದಾಗಿದೆಯೆಂದು ಬಗೆದು ಕೆರೆದುಹಾಕಿದರೆ ಹೇಗೋ, ಅರಿಯದೆ ಫಾರ್ಮ್ಯಾಟ್ ಮಾಡುವುದೂ ಹಾಗೆಯೇ.

ಆದುದರಿಂದ ಮೊದಲು ಪರೀಕ್ಷಿಸತಕ್ಕದ್ದು, ಯಂತ್ರಕ್ಕೆ ಡಿಸ್ಕು ಕಾಣುತ್ತಿದೆಯೇ ಎಂಬುದನ್ನು. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದರ ಪೂರ್ಣ ಗಾತ್ರ ತೋರಿಬಂದರೆ, ದೋಷವು ಬಹುಶಃ ಲಿಪಿಯದೇ ಹೊರತು ಡಿಸ್ಕಿನದಲ್ಲ. ಅಲ್ಲಿ ‘ಇನಿಷಿಯಲೈಸ್’ ಎಂಬ ಆಹ್ವಾನ ಬಂದರೆ ಅದನ್ನೂ ನಿರಾಕರಿಸಬೇಕು. ಲಿನಕ್ಸ್ ಯಂತ್ರಕ್ಕೆ ಜೋಡಿಸಿ ಕಡತಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳುವುದೇ ಸುಲಭೋಪಾಯ. ಯಾವ ಯಂತ್ರಕ್ಕೂ ಕಾಣದಿದ್ದರೆ ತಂತಿಯನ್ನೂ ವಿದ್ಯುತ್ ಪೂರೈಕೆಯನ್ನೂ ಬದಲಿಸಿ ನೋಡಬೇಕು. ಮೂರೂವರೆ ಅಂಗುಲದ ಡಿಸ್ಕಿಗೆ ಯುಎಸ್‌ಬಿ ತಂತಿಯ ವಿದ್ಯುತ್ತು ಸಾಲದು. ಒಳಗೆ ಟಕ್ ಟಕ್ ಎಂದು ಬಡಿಯುವ ಸದ್ದಿದ್ದರೆ ಕೂಡಲೆ ನಿಲ್ಲಿಸುವುದು ಲೇಸು.

ಡಿಸ್ಕು ಕಾಣುತ್ತಿದ್ದೂ, ಬರೆದ ವ್ಯವಸ್ಥೆಗೂ ಅದನ್ನು ಓದಲಾಗದಿದ್ದರೆ ಫೈಲ್ ಸಿಸ್ಟಮ್ ಕೆಟ್ಟಿದೆಯೆಂದು ಶಂಕಿಸಬಹುದು. ಆಗಲೂ ದುರಸ್ತಿಗೆ ಆತುರ ಸಲ್ಲದು. ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನದಿಂದ ಡಿಸ್ಕಿನ ಸಮಗ್ರ ಪ್ರತಿಯೊಂದನ್ನು ತೆಗೆದು, ಆ ಪ್ರತಿಯ ಮೇಲೆಯೇ ಚಿಕಿತ್ಸೆ ನಡೆಸಬೇಕು. ಸಾಯುತ್ತಿರುವ ಡಿಸ್ಕಿನ ಮೇಲೆ ನೇರವಾಗಿ ಚೆಕ್‌ಡಿಸ್ಕ್ ನಡೆಸಿದರೆ ಉಳಿದುದೂ ಹೋದೀತು.

ಇದಕ್ಕೆ ವಿಪರೀತವಾದ ಒಂದು ತೊಡಕೂ ಇದೆ. ವಿಂಡೋಸಿನ ಡಿಸ್ಕು ಲಿನಕ್ಸಿನಲ್ಲಿ ತೆರೆದರೂ ಬರೆಯಲು ಬಿಡದು. 2012ರ ವಿಂಡೋಸ್ 8ರಿಂದ ಬಂದಿರುವ ‘ಫಾಸ್ಟ್ ಸ್ಟಾರ್ಟಪ್’ ಯಂತ್ರವನ್ನು ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ರೆಯಲ್ಲಿಡುತ್ತದೆ. ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ‘ಷಟ್ ಡೌನ್’ ಮಾಡಿದರೆ ಪೂರ್ತಿ ಮುಚ್ಚುತ್ತದೆ.

ಎರಡೂ ಕಡೆ ಒಯ್ಯಬೇಕಾದ ಹೊಸ ಡಿಸ್ಕಿಗೆ ಎಕ್ಸ್‌ಫ್ಯಾಟ್ ಕ್ರಮವೇ ಯೋಗ್ಯ. ಲಿನಕ್ಸಿನ ತಿರುಳಿಗೆ ಅದು 2019ರಲ್ಲಿ ಸೇರಿತು; ಆಪಲ್ ಯಂತ್ರವೂ ಓದಿ ಬರೆಯುತ್ತದೆ. ಹಳೆಯ ಫ್ಯಾಟ್ 32ರಲ್ಲಿ 4 ಜಿಬಿಗೆ ಮೀರಿದ ಒಂದೇ ಕಡತ ಹಿಡಿಸದು. ಎಕ್ಸ್‌ಫ್ಯಾಟ್ ಡಿಸ್ಕನ್ನು ‘ಇಜೆಕ್ಟ್’ ಮಾಡದೆ ಕಿತ್ತರೆ ಮಾತ್ರ ಕಡತಗಳು ಕೆಡುವ ಭಯ ಅಧಿಕ.